ಚಕ್ಕಡಿಯ ಬುತ್ತಿ, ಕಾರಿನ ಡಿಕ್ಕಿ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ ಸೀಮೆಯಲ್ಲಿ ಚಕ್ಕಡಿಗಳಿಗೆ ಕೀಲೆಣ್ಣೆ ಬೀಳುತ್ತದೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಗೊಂಡೆ ಕಟ್ಟಿ, ಬೆನ್ನಿಗೆ ಝೂಲ ಹೊದಿಸಿ, ಕೊರಳಿಗೆ ಗೆಜ್ಜೆಸರ ಹಾಕಿ ಜನ ಉಳವಿ ಜಾತ್ರೆಯ ಹಾದಿ ಹಿಡಿಯುತ್ತಾರೆ. ಹಳಿಯಾಳ, ದಾಂಡೇಲಿ ದಾಟಿ, ಕಾಡು ಹೊಕ್ಕು, ಪೋಟೋಲಿ, ಗುಂದದ ಮೇಲಿಂದ ಜೊಯಿಡಾ ತಾಲೂಕಿನ ಆ ಮೂಲೆಯ ಊರು ಮುಟ್ಟಬೇಕೆಂದರೆ ನೂರು ಕಿ.ಮೀ.ಗೂ ಹೆಚ್ಚು ದೂರ. ಕಾರಿಗೆ ಅದು ಕೆಲವು ತಾಸಿನ ದಾರಿ, ಎತ್ತಿಗೆ ಕೆಲವು ದಿನಗಳದ್ದು. ಸುತ್ತಲ ಧಾರವಾಡ, ಬೆಳಗಾವಿ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದಲೂ ಹೀಗೇ ಚಕ್ಕಡಿಗಳು ಹೊರಡುತ್ತವೆ. ದಾಂಡೇಲಿ ಹತ್ತಿರವಾಗುವಷ್ಟರಲ್ಲಿ ಒಂದಕ್ಕೊಂದು ಕೂಡಿ ಸಾಲಾಗುತ್ತವೆ. ‘ಅಡಕೇಶ್ವರ ಮಡಕೇಶ್ವರ ಉಳವಿ ಚನ್ನಬಸವೇಶ್ವರ’ ಎಂಬ ಜಯಘೋಷ ಒಂದು ಚಕ್ಕಡಿಯಲ್ಲಿ ಎದ್ದರೆ ಕೊನೆಯ ಚಕ್ಕಡಿಯವರೆಗೂ ಹರಿದು ಹೋಗುತ್ತದೆ.

ಈ ಚಕ್ಕಡಿಯೊಳಗೆ ಏನಿರುತ್ತದೆಂದು ಇಣುಕಿ ನೋಡಬೇಕು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಡಬ್ಬಿಗಳಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗೋದಿಯ ಮಾದಲಿ, ಕರ್ಚಿಕಾಯಿ. ಇವು ದಿನಗಟ್ಟಲೆ ಕೆಡದ ತಿನಿಸುಗಳು. ಊರ ಹೆಣ್ಣುಮಕ್ಕಳು ಮುಂಚಿನಿಂದಲೇ ಬಡಿದು, ಹುರಿದು, ಕುಟ್ಟಿ ಇಟ್ಟಿದ್ದು. ಹಾಸಲಿಕ್ಕೆ ಜಮಖಾನ, ಹೊದಿಯಲಿಕ್ಕೆ ಕೌದಿ, ಕತ್ತಲಿಗೆ ಬ್ಯಾಟರಿ. ಹಿಂದುಗಡೆ ಎತ್ತಿಗೆ ಬೇಕಾದ ಕಣಿಕಿ, ಹೊಟ್ಟು, ಹಿಂಡಿ. ಮನುಷ್ಯನ ಬುತ್ತಿಗಿಂತ ಎತ್ತಿನ ಬುತ್ತಿಯೇ ಹೆಚ್ಚು ಜಾಗ ಹಿಡಿಯುತ್ತದೆ. ವಸ್ತಿ ಎಲ್ಲಿ ಮಾಡಬೇಕೆಂದು ತೀರ್ಮಾನಿಸುವುದೂ ಎತ್ತೇ. ನೀರು, ನೆರಳು, ಸಮತಟ್ಟಾದ ನೆಲ ಇದ್ದಲ್ಲಿ ನೊಗ ಇಳಿಯುತ್ತದೆ. ಮೂರು ಕಲ್ಲಿನ ಒಲೆ ಹೂಡಿ ಅನ್ನ ಸಾರು ಮಾಡಿಕೊಂಡು, ಭಜನೆ ಹೇಳಿ, ನಸುಕಿನಲ್ಲಿ ಮತ್ತೆ ಹೂಡುತ್ತಾರೆ. ಅಂದರೆ ಉಳವಿಗೆ ಬಂದಿಳಿಯುವ ಈ ಯಾತ್ರಿಕ ಆ ಊರಿಂದ ಕೇಳುವುದು ಮೂರೇ: ದೇವರ ದರ್ಶನ, ಕುಡಿಯುವ ನೀರು, ಚಕ್ಕಡಿ ಬಿಡಲು ಒಂದಿಷ್ಟು ಜಾಗ.

ಜಾತ್ರೆ ಮುಗಿದ ಮೇಲೆ ಅದೇ ರಸ್ತೆಯಲ್ಲಿ ಬೇರೆ ಮಂದಿ ಬರುತ್ತಾರೆ. ಶುಕ್ರವಾರ ಸಂಜೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಗೋವಾದ ನಂಬರ್ ಪ್ಲೇಟಿನ ಕಾರುಗಳು ದಾಂಡೇಲಿಯ ಕಡೆ ಮುಖ ಮಾಡುತ್ತವೆ. ಗಣೇಶಗುಡಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್, ಸಂಜೆ ಕ್ಯಾಂಪ್‌ಫೈರ್, ಮರುದಿನ ಸಫಾರಿ, ಬಿಡುವಾದರೆ ಉಳವಿ. ಡಿಕ್ಕಿಯಲ್ಲಿ ಬಟ್ಟೆಯ ಸೂಟ್‌ಕೇಸು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಾಸಿಗೆ, ಬಿಸಿನೀರು, ಎ.ಸಿ., ಪನ್ನೀರು, ಕೋಳಿ, ಬಾಟಲಿ ನೀರು, ಕಾರು ನಿಲ್ಲಿಸುವ ಜಾಗ, ಮೊಬೈಲ್ ಸಿಗ್ನಲ್ಲು ಎಲ್ಲವನ್ನೂ ಗುಡ್ಡದ ಊರೇ ಒದಗಿಸಬೇಕು. ಈ ಎರಡು ಬರುವಿಕೆಗಳನ್ನು ಎದುರುಬದುರು ಇಟ್ಟು ನೋಡಿದರೆ ಬೆಟ್ಟದ ಪ್ರವಾಸೋದ್ಯಮದ ಬಗ್ಗೆ ನಾವು ಕೇಳುತ್ತಿರುವ ಪ್ರಶ್ನೆಯೇ ತಪ್ಪು ಎನ್ನಿಸುತ್ತದೆ. ‘ಎಷ್ಟು ಜನ ಬಂದರು’ ಎಂದು ಎಣಿಸುತ್ತ ಕೂರುತ್ತೇವೆ. ಬಂದವರು ತಮ್ಮ ಹೊರೆಯಲ್ಲಿ ಎಷ್ಟನ್ನು ತಾವೇ ಹೊತ್ತು ತಂದರು, ಎಷ್ಟನ್ನು ಊರಿನ ತಲೆಯ ಮೇಲೆ ಇಳಿಸಿದರು ಎಂದು ಕೇಳುವುದಿಲ್ಲ. ಸಣ್ಣ ಬೆಟ್ಟದ ಊರೊಂದು ತಾಳಿಕೊಳ್ಳಬಲ್ಲದೋ ಇಲ್ಲವೋ ಎಂಬುದು ತಲೆಯೆಣಿಕೆಗಿಂತ ಹೆಚ್ಚಾಗಿ ಈ ಲೆಕ್ಕದ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಬೆನ್ನ ಮೇಲೆ ಹೊರೆ ಹೊತ್ತು ಉಳವಿಗೆ ಬಂದವರ ಕಥೆ ಹನ್ನೆರಡನೆಯ ಶತಮಾನದಷ್ಟು ಹಳೆಯದು. ಕಲ್ಯಾಣದ ಗಲಭೆಯ ನಂತರ ಚನ್ನಬಸವಣ್ಣನ ಮುಂದಾಳ್ತನದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು, ಬಿಜ್ಜಳನ ಕಡೆಯ ದಂಡನ್ನು ಎದುರಿಸುತ್ತ, ಮಲಪ್ರಭೆಯ ಸೀಮೆ ದಾಟಿ ಉಳವಿಯ ಕಾಡು ಸೇರಿದರೆಂದು ಪರಂಪರೆ ಹೇಳುತ್ತದೆ. ದಾರಿಯುದ್ದಕ್ಕೂ ಅದರ ಗುರುತುಗಳಿವೆ: ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ. ಉಳವಿಯಲ್ಲಿ ಚನ್ನಬಸವಣ್ಣನ ಸಮಾಧಿ, ಸುತ್ತಲ ಕಾಡಿನಲ್ಲಿ ಮಹಾಮನೆ ಗವಿ, ಆಕಳ ಗವಿ. ಈ ಊರನ್ನು ಅವರು ಆರಿಸಿಕೊಂಡಿದ್ದೇ ಅದು ಸುಲಭಕ್ಕೆ ಕೈಗೆ ಸಿಗುವುದಿಲ್ಲವೆಂದು. ತಲುಪುವುದು ಕಷ್ಟ ಎಂಬ ಗುಣವೇ ಅದರ ಆಸ್ತಿ. ಇವತ್ತು ಪ್ರವಾಸೋದ್ಯಮದ ಭಾಷೆಯಲ್ಲಿ ಅದನ್ನು ಕೊರತೆ ಎಂದು ಬರೆದುಕೊಂಡು, ರಸ್ತೆ ಅಗಲ ಮಾಡಿ ಕೊರತೆ ನೀಗಿಸುವ ಮಾತಾಡುತ್ತೇವೆ.

ಬ್ಯಾಕ್‌ಪ್ಯಾಕರ್ ಎಂದರೆ ನಮಗೆ ನೆನಪಾಗುವುದು ಬಿಳಿಯರು, ಅವರ ಉದ್ದನೆಯ ಚೀಲ. ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಅಗ್ಗದಲ್ಲಿ ಏಷ್ಯಾ ಸುತ್ತುವುದು ಹೇಗೆಂಬ ಪುಸ್ತಕವನ್ನು 1973ರಲ್ಲಿ ಹೊರತಂದು ಲೋನ್ಲಿ ಪ್ಲಾನೆಟ್ ಶುರುಮಾಡಿದರು. ಆ ಅಲೆಯ ಒಂದು ಕೊನೆ ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯನ್ನೂ ಮುಟ್ಟಿತು. ಆದರೆ ಚೀಲ ಹೊತ್ತವರೆಲ್ಲ ಊರಿಗೆ ಹಗುರ ಎಂದುಕೊಳ್ಳುವಂತಿಲ್ಲ. ಗಡ್ಡೆಯಲ್ಲಿ ಏನಾಯಿತು? ಬಂದವರ ಚೀಲದಲ್ಲಿ ಬಟ್ಟೆ ಮಾತ್ರ ಇತ್ತು, ಉಳಿದದ್ದೆಲ್ಲ ಗಡ್ಡೆಯೇ ಕೊಡಬೇಕಾಯಿತು. ಗದ್ದೆಯ ನಡುವೆ ಗುಡಿಸಲು, ಗುಡಿಸಲ ಪಕ್ಕ ರೆಸ್ಟೋರೆಂಟು, ಆಮೇಲೆ ರೆಸಾರ್ಟು. ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಬೆನ್ನಿಗೆ ಜೆಸಿಬಿಗಳು ಬಂದವು. ಅಲ್ಲಿನ ಕಾನೂನಿನ ವ್ಯಾಜ್ಯ ಪಾರಂಪರಿಕ ತಾಣದ ನಿಯಮಗಳದ್ದು, ಆ ಮಾತು ಬೇರೆ. ನನಗೆ ಬೇಕಾದ ಪಾಠ ಇಷ್ಟೇ: ಬೆನ್ನಿಗೆ ಚೀಲ ಇದ್ದ ಮಾತ್ರಕ್ಕೆ ಆಗಲಿಲ್ಲ, ಚೀಲದಲ್ಲಿ ಬುತ್ತಿ ಇರಬೇಕು.

ಸರ್ಕಾರಗಳು ಈಗೀಗ ಬೆಟ್ಟಗಳಿಗೆ ಮಿತಿ ಹಾಕಲು ಹೊರಟಿವೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ಹತ್ತಿ, ಕಾಲುದಾರಿಯಲ್ಲಿ ಪೇಟೆಯಂಥ ಸಾಲು ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಚಾರಣಗಳಿಗೆ ತಾತ್ಕಾಲಿಕ ತಡೆ ಹಾಕಿದರು. ಬಳಿಕ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆ ಬಂದು, ಒಂದು ಚಾರಣಕ್ಕೆ ದಿನಕ್ಕೆ 300 ಜನರ ಮಿತಿ ಗೊತ್ತಾಯಿತು. ಒಳ್ಳೆಯದೇ. ಆದರೆ ಆ 300 ಜನ ಆರು ಬಸ್ಸುಗಳಲ್ಲಿ ಬಂದರೋ ಎಂಬತ್ತು ಕಾರುಗಳಲ್ಲಿ ಬಂದರೋ ಎಂಬುದು ಆ ಟಿಕೆಟ್ಟಿಗೆ ಗೊತ್ತಿಲ್ಲ. ಕಾಡಿಗೆ 300 ಎಂದರೆ 300, ಬೆಟ್ಟದ ಬುಡದ ಊರಿಗೆ ಹಾಗಲ್ಲ. ಈ ವಿಷಯದಲ್ಲಿ ಊಟಿಯ ಲೆಕ್ಕ ಹೆಚ್ಚು ಸರಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗಳಿಗೆ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನಗಳು ಎಂದು ನಿಗದಿಯಾಯಿತು. ಅಲ್ಲಿ ಎಣಿಸುತ್ತಿರುವುದು ವಾಹನವನ್ನು. ಸರ್ಕಾರಿ ಬಸ್ಸಿನಲ್ಲಿ, ರೈಲಿನಲ್ಲಿ ಬರುವವರಿಗೆ ಪಾಸೇ ಬೇಡ. ಯಾರು ಬರಬೇಕು, ಯಾರು ಬರಬಾರದು ಎಂಬ ಗೊಡವೆಗೆ ಹೋಗದೆ ಹೇಗೆ ಬರಬೇಕು ಎಂಬುದನ್ನು ಮಾತ್ರ ಆ ಆದೇಶ ಹೇಳಿತು.

ಹೇಗೆ ಬರಬೇಕು ಎಂಬುದಕ್ಕೆ ಉತ್ತರ ಕರ್ನಾಟಕದವರ ಬಳಿ ಇದಕ್ಕಿಂತ ದೊಡ್ಡ ಉದಾಹರಣೆಯೂ ಇದೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ, ರಾಯಚೂರು ಸೀಮೆಯ ಹಳ್ಳಿಗಳಿಂದ ಮಲ್ಲಯ್ಯನ ಕಂಬಿ ಹೊತ್ತು, ಹೆಗಲಿಗೊಂದು ಚೀಲ ಹಾಕಿಕೊಂಡು ಜನ ನಡೆಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಭ್ರಮರಾಂಬೆ ಈ ಕಡೆಯ ಮನೆಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಹಬ್ಬದ ಸೀರೆ, ಬಳೆ ಒಯ್ಯುವ ತವರಿನವರ ಹಾಗೆ ಇವರ ಪಯಣ. ಆತ್ಮಕೂರು ದಾಟಿದ ಮೇಲೆ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಳನು, ಕೈಲಾಸದ್ವಾರ ಎಂದು ನಲ್ಲಮಲದ ಕಾಡುದಾರಿ. ಮೊದಲಿಂದ ಕೊನೆಯವರೆಗೆ ದಾರಿಯ ಊರುಗಳಲ್ಲಿ ದಾಸೋಹದ ಪೆಂಡಾಲುಗಳು: ಮಜ್ಜಿಗೆ, ಕಲ್ಲಂಗಡಿ, ಅನ್ನ ಸಾರು. ಬೊಕ್ಕೆ ಎದ್ದ ಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವವರೂ ಇರುತ್ತಾರೆ. ಇದರ ಲೆಕ್ಕಾಚಾರ ಗಮನಿಸಿ. ಲಕ್ಷಾಂತರ ಜನರನ್ನು ಉಣಿಸುವ ಭಾರ ಬೆಟ್ಟದ ಮೇಲಿನ ಒಂದು ಊರಿನ ಮೇಲೆ ಬೀಳುವುದಿಲ್ಲ. ನೂರಾರು ಊರುಗಳು ಅದನ್ನು ಹಂಚಿಕೊಂಡಿರುತ್ತವೆ. ನಡೆಯುವವರು ಹಿಂದೆ ಮುಂದೆ ಬೀಳುವುದರಿಂದ ಗುಂಪು ತಾನಾಗಿಯೇ ತೆಳುವಾಗುತ್ತದೆ. ವೇಗ ಕಡಿಮೆಯಾದಷ್ಟೂ ಜಂಗುಳಿ ಕಡಿಮೆ. ಕಾರಿಗೆ ಇದರ ಉಲ್ಟಾ: ಎಲ್ಲರೂ ಶನಿವಾರ ಮಧ್ಯಾಹ್ನಕ್ಕೇ ತಲುಪುತ್ತಾರೆ.

ಇದೆಲ್ಲ ಭಕ್ತಿಯ ಮಾತು, ಪ್ರವಾಸಿಗೆ ಹೇಗೆ ಹೊಂದುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಮಲ್ಲಯ್ಯನ ಮೇಲಿನ ನಂಬಿಕೆಯಿಂದ ಬಿಸಿಲಲ್ಲಿ ನಡೆಯುವವನಿಗೂ ಎರಡು ದಿನದ ರಜೆ ಸಿಕ್ಕಿದ ಸಾಫ್ಟ್‌ವೇರ್ ಹುಡುಗನಿಗೂ ಹೋಲಿಕೆಯೇ? ಹೋಲಿಕೆ ಮನಸ್ಸಿನದಲ್ಲ, ನಿಯಮದ್ದು. ಶ್ರೀಶೈಲಕ್ಕೆ ದೋರ್ನಾಲ ಕಡೆಯಿಂದ ಹೋಗುವ ಘಾಟಿ ರಸ್ತೆಯ ಗೇಟು ಹುಲಿ ಸಂರಕ್ಷಿತ ಪ್ರದೇಶವೆಂಬ ಕಾರಣಕ್ಕೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಭಕ್ತನಾದರೂ ಅಷ್ಟೇ, ಮೋಜಿಗೆ ಹೊರಟವನಾದರೂ ಅಷ್ಟೇ, ಗೇಟಿನ ಈಚೆ ನಿಲ್ಲಬೇಕು. ನಮ್ಮ ಬಂಡೀಪುರದಲ್ಲೂ 2009ರಿಂದ ಅದೇ ಹೊತ್ತಿಗೆ ಅದೇ ನಿಯಮ. ಇದರಿಂದ ಶ್ರೀಶೈಲಕ್ಕೆ ಜನ ಬರುವುದು ನಿಂತಿಲ್ಲ, ಮೈಸೂರು-ಊಟಿ ದಾರಿಯೂ ಬರಿದಾಗಿಲ್ಲ. ಗೊತ್ತಾದ ನಿಯಮಕ್ಕೆ ಜನ ಒಗ್ಗಿಕೊಳ್ಳುತ್ತಾರೆ. ಹೊರಡುವ ಹೊತ್ತು ಬದಲಿಸಿಕೊಳ್ಳುತ್ತಾರೆ, ಅಷ್ಟೇ. ಭಕ್ತಿ ಇದ್ದವನು ತಾನೇ ಒಪ್ಪಿಕೊಳ್ಳುವ ಕಷ್ಟವನ್ನು ಇಲ್ಲದವನು ಗೇಟಿನ ಬಲದಿಂದ ಒಪ್ಪಿಕೊಳ್ಳುತ್ತಾನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಚಕ್ಕಡಿಯ ಯಾತ್ರೆ ಅಷ್ಟು ಪವಿತ್ರವೇ? ಉಳವಿಯ ದಾರಿ ಹಾದುಹೋಗುವ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆಯದು. ದಾಂಡೇಲಿ ಮತ್ತು ಅಣಶಿಯ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದವು. ಬೇಸಿಗೆ ಕಾಲಿಡುವ ಹೊತ್ತಿಗೆ, ಒಣ ತರಗೆಲೆಯ ನಡುವೆ ಒಲೆ ಹೂಡಿದರೆ ಒಂದು ಕಿಡಿ ಸಾಕು. ಪ್ಲಾಸ್ಟಿಕ್ ತಟ್ಟೆ, ನೀರಿನ ಪೌಚು, ಗುಟ್ಕಾ ಚೀಟಿ ಜಾತ್ರೆಯ ದಾರಿಯಲ್ಲೂ ಬೀಳುತ್ತವೆ. ಶ್ರೀಶೈಲದ ಕಾಡುದಾರಿಯಲ್ಲಂತೂ ಬಿಟ್ಟಿ ದಾಸೋಹದ ಲೋಟಗಳೇ ರಾಶಿ ಬೀಳುತ್ತವೆ. ಇದನ್ನು ಅಲ್ಲಗಳೆಯುವ ಅಗತ್ಯ ನನಗಿಲ್ಲ. ಈ ಕಸದ ಪಟ್ಟಿಯೇ ನನ್ನ ಮಾತಿಗೆ ಸಾಕ್ಷಿ. ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯಿಂದ ಕಸವಾಗಲಿಲ್ಲ, ಬಟ್ಟೆ ಮನೆಗೆ ವಾಪಸು ಬಂತು. ಕಸವಾದದ್ದು ಬುತ್ತಿಯ ಬದಲು ದಾರಿಯಲ್ಲಿ ಕೊಂಡದ್ದು, ಪುಕ್ಕಟೆ ಪಡೆದದ್ದು. ಯಾತ್ರಿಕ ಎಷ್ಟರಮಟ್ಟಿಗೆ ಬುತ್ತಿ ಬಿಟ್ಟನೋ ಅಷ್ಟರಮಟ್ಟಿಗೆ ಅವನೂ ಭಾರವೇ. ಆದ್ದರಿಂದ ಜಾತ್ರೆಗೊಂದು ನಿಯಮ, ಪ್ರವಾಸಕ್ಕೊಂದು ನಿಯಮ ಬೇಕಿಲ್ಲ. ದಾಸೋಹ ಮಾಡುವವರಿಗೆ ಸ್ಟೀಲ್ ತಟ್ಟೆ ತೊಳೆದಿಡುವ ಷರತ್ತು ಹಾಕುವುದು ದೇವರಿಗೆ ವಿರುದ್ಧವಾದ ಕೆಲಸವಲ್ಲ. (ತಟ್ಟೆ ತೊಳೆಯುವುದನ್ನೂ ಸೇವೆಯೆಂದೇ ಎಣಿಸುವ ಮಠಗಳು ನಮ್ಮಲ್ಲಿ ಬೇಕಾದಷ್ಟಿವೆ.)

ದಾಸೋಹವನ್ನು ಹೊಗಳುವಾಗ ಇನ್ನೊಂದನ್ನೂ ಹೇಳಬೇಕು. ಶ್ರೀಶೈಲದಲ್ಲಿ ಸತ್ರಗಳು ಹೆಚ್ಚುಕಡಿಮೆ ಜಾತಿಗೊಂದರಂತೆ ಎದ್ದಿವೆ. ಬೋರ್ಡು ಓದಿದರೆ ಸಾಕು, ಯಾರಿಗೆ ಯಾವ ಬಾಗಿಲೆಂದು ಗೊತ್ತಾಗುತ್ತದೆ. ದುಡ್ಡು ಕೊಟ್ಟು ಹಾಸಿಗೆ ಹಿಡಿಯುವ ಲಾಡ್ಜು ಜಾತಿ ಕೇಳುವುದಿಲ್ಲ ಎಂಬುದು ಪ್ರವಾಸೋದ್ಯಮದ ಪರವಾಗಿ ಇರುವ ಒಳ್ಳೆಯ ಮಾತುಗಳಲ್ಲೊಂದು. ಹಳೆಯ ದಾರಿಯಿಂದ ನಾವು ತೆಗೆದುಕೊಳ್ಳಬೇಕಾದ್ದು ಭಾರ ಹಂಚುವ ಕ್ರಮವನ್ನು, ಬಾಗಿಲು ಹಂಚುವ ಕ್ರಮವನ್ನಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಹೊಟ್ಟೆಯದು. ಬುತ್ತಿ ತಂದವನು ಊರಲ್ಲಿ ಏನು ಖರ್ಚು ಮಾಡುತ್ತಾನೆ? ಜೊಯಿಡಾ ರಾಜ್ಯದ ವಿಸ್ತಾರವಾದ, ಆದರೆ ತೀರಾ ವಿರಳ ಜನವಸತಿಯ ತಾಲೂಕುಗಳಲ್ಲೊಂದು. ಹಳೆಯ ಸೂಪಾ ಪೇಟೆ ಕಾಳಿಯ ಅಣೆಕಟ್ಟಿನ ನೀರಲ್ಲಿ ಮುಳುಗಿತು, ಕಾಡು ಸಂರಕ್ಷಿತವಾಯಿತು. ಉಳಿದವರಿಗೆ ದುಡಿಮೆಯ ದಾರಿಗಳು ಕಡಿಮೆ. ಅವರಿಗೆ ಪ್ರವಾಸಿಯ ಕಾರು ಕಂಡರೆ ಖುಷಿಯಾಗುವುದು ಸಹಜ, ಪೇಟೆಯಲ್ಲಿ ಕೂತು ‘ಅಭಿವೃದ್ಧಿ ಬೇಡ’ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಕಾರಿನ ದುಡ್ಡು ಎಲ್ಲಿ ಇಳಿಯುತ್ತದೆ ಎಂದೂ ನೋಡಬೇಕು. ರೂಮು, ಊಟ, ರ‍್ಯಾಫ್ಟಿಂಗು, ಸಫಾರಿ ಸೇರಿಸಿದ ಪ್ಯಾಕೇಜನ್ನು ಮೊಬೈಲಿನಲ್ಲೇ ಪಾವತಿಸಿ ಬಂದವನಿಗೆ ರೆಸಾರ್ಟಿನ ಕಾಂಪೌಂಡು ದಾಟುವ ಕಾರಣವೇ ಇರುವುದಿಲ್ಲ. ಕಾಲ್ನಡಿಗೆಯವನಿಗೆ ಪ್ರತಿ ಎಂಟು ಹತ್ತು ಕಿ.ಮೀ.ಗೆ ನೀರು, ಚಹಾ, ಊಟ, ಮಲಗಲು ಮೂಲೆ ಬೇಕೇ ಬೇಕು. ಕುಮಾರಪರ್ವತದ ಹಾದಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆ ದಶಕಗಳಿಂದ ಚಾರಣಿಗರಿಗೆ ದುಡ್ಡಿಗೆ ಊಟ ಹಾಕುತ್ತ ಬಂದಿರುವುದು ಇದಕ್ಕೆ ಮನೆಮಾತಾದ ಉದಾಹರಣೆ. ಸ್ಪೇನಿನ ಸಾಂಟಿಯಾಗೊ ಯಾತ್ರೆಯಲ್ಲಿ ಪ್ರಮಾಣಪತ್ರ ಬೇಕಾದರೆ ಕನಿಷ್ಠ 100 ಕಿ.ಮೀ. ನಡೆದಿರಬೇಕು. 2024ರಲ್ಲಿ ಐದು ಲಕ್ಷದ ಹತ್ತಿರ ಜನ ಅದನ್ನು ಪಡೆದರು. ಆ ದಾರಿಯ ಸಣ್ಣ ಹಳ್ಳಿಗಳಲ್ಲಿ ಯಾತ್ರಿಕರ ತಂಗುಮನೆಗಳೇ ಜೀವನೋಪಾಯ. ಜೊಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳಿಗೆ ಅಲ್ಲೇ ವರ್ಷಕ್ಕೊಮ್ಮೆ ಮೇಳ ನಡೆಯುತ್ತದೆ. ಅದೇ ಗೆಣಸು ದಾರಿಬದಿಯ ಮನೆಯೊಂದರಲ್ಲಿ ಬೆಂದು ತಟ್ಟೆಗೆ ಬಂದರೆ ಆ ದುಡ್ಡಿಗೆ ಮಧ್ಯವರ್ತಿ ಇಲ್ಲ. ಬುತ್ತಿ ಹೊತ್ತು ತರುವುದು, ದಾರಿಯಲ್ಲಿ ಬೆಳೆದದ್ದನ್ನೇ ಉಣ್ಣುವುದು, ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ. ದೂರದಿಂದ ಲಾರಿಯಲ್ಲಿ ಪನ್ನೀರು ತರಿಸಬೇಕಾಗುವುದಿಲ್ಲ.

ಹೇಗೆ ಬರಬೇಕೆಂಬ ನಿಯಮ ಹಾಕಿ, ಕಾರು ಕೆಳಗೇ ನಿಲ್ಲಬೇಕೆಂದರೆ ಮುದುಕರು, ಕೈಕಾಲು ಇಲ್ಲದವರು, ಕೂಸಿನ ತಾಯಂದಿರು ಏನು ಮಾಡಬೇಕು? ಮುಂಬೈ ಬಳಿಯ ಮಾಥೇರಾನ್ ಇದಕ್ಕೆ ಒಳ್ಳೆಯ ಪಾಠವನ್ನೂ ಕೆಟ್ಟ ಪಾಠವನ್ನೂ ಒಟ್ಟಿಗೆ ಕೊಡುತ್ತದೆ. ಆ ಬೆಟ್ಟದ ಊರಿಗೆ ಪ್ರವಾಸಿಗರ ಮೋಟಾರು ವಾಹನ ನಿಷಿದ್ಧ, ದಸ್ತೂರಿಯಲ್ಲಿ ಕಾರು ಬಿಟ್ಟು ನಡೆಯಬೇಕು, ಇಲ್ಲವೇ ಕುದುರೆ, ಪುಟಾಣಿ ರೈಲು ಹಿಡಿಯಬೇಕು. ಪ್ರವಾಸೋದ್ಯಮ ಅಲ್ಲಿ ಸತ್ತಿಲ್ಲ, ಕಾರಿಲ್ಲದಿರುವುದೇ ಅದರ ಜಾಹೀರಾತು. ಆದರೆ ನಡೆಯಲಾರದವರಿಗೆಂದು ಅಲ್ಲಿದ್ದ ಏರ್ಪಾಡು ಮನುಷ್ಯ ಮನುಷ್ಯನನ್ನು ಎಳೆಯುವ ಕೈರಿಕ್ಷಾ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳಲ್ಲಿ ನಿಲ್ಲಿಸಿ ಇ-ರಿಕ್ಷಾ ತನ್ನಿ ಎಂದಿತು. ಪ್ರವಾಸಿಯ ಹೊರೆಯನ್ನು ಬಡವನ ಹೆಗಲಿಗೆ ವರ್ಗಾಯಿಸಿ ಬೆಟ್ಟ ಹಗುರಾಯಿತೆಂದು ಹೇಳುವಂತಿಲ್ಲ ಎಂಬುದು ಅದರ ತಾತ್ಪರ್ಯ.

ನಮ್ಮಲ್ಲಿ ಅದಕ್ಕೆ ಉತ್ತರ ಕೆಂಪು ಬಸ್ಸು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ಉತ್ತರ ಕನ್ನಡವೂ ಅದರ ವ್ಯಾಪ್ತಿಯದ್ದೇ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ, ತವರು, ಆಸ್ಪತ್ರೆ, ಸಂತೆ ಬಿಟ್ಟು ಬೇರೆ ಊರು ಕಾಣದಿದ್ದ ಹೆಣ್ಣುಮಕ್ಕಳು ಗುಂಪುಕಟ್ಟಿಕೊಂಡು ಊರೂರು ನೋಡಲು ಹೊರಟರು. ಅದನ್ನು ನೋಡಿ ನಕ್ಕವರು ಬಹಳ. ನನ್ನ ಕಣ್ಣಿಗೆ ಅವರೇ ಈ ಕಾಲದ ಸರಿಯಾದ ಪ್ರವಾಸಿಗಳು. ಕೈಚೀಲದಲ್ಲಿ ರೊಟ್ಟಿ, ಚಟ್ನಿ, ನೀರಿನ ಬಾಟಲಿ, ಮಡಚಿದ ಶಾಲು ಇಟ್ಟುಕೊಂಡು, ಐವತ್ತು ಜನ ಒಂದು ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಅದೇ ಐವತ್ತು ಜನ ಕಾರಿನಲ್ಲಿ ಬಂದರೆ ಹನ್ನೆರಡು ಹದಿಮೂರು ಕಾರು. ದಾಂಡೇಲಿಯಲ್ಲಿ ಕಾರು ನಿಲ್ಲಿಸಲು ಒಂದು ಅಂಗಳ, ಅಲ್ಲಿಂದ ಉಳವಿಗೆ ತಾಸಿಗೊಂದು ಸಣ್ಣ ಬಸ್ಸು, ರಾತ್ರಿ ಉಳಿಯುವವರಿಗೆ ವಸ್ತಿ ಬಸ್ಸು, ಅಂಗವಿಕಲರ ವಾಹನಕ್ಕೂ ಸ್ಥಳೀಯರ ವಾಹನಕ್ಕೂ ರಿಯಾಯಿತಿ: ಇಷ್ಟಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಸ್ವಂತ ಕಾರಿನ ಸ್ವಾತಂತ್ರ್ಯಕ್ಕೆ ಇದು ಧಕ್ಕೆ ಎನ್ನುವವರು, ದಾಂಡೇಲಿಯವರೆಗಿನ ನೂರಾರು ಕಿ.ಮೀ.ಗಳಲ್ಲಿ ಆ ಸ್ವಾತಂತ್ರ್ಯವನ್ನು ಧಾರಾಳವಾಗಿ ಅನುಭವಿಸಬಹುದು.

ಒಂದು ತೊಡಕು ಮಾತ್ರ ಈ ಬಸ್ಸಿನ ಏರ್ಪಾಡಿನಿಂದ ಬಗೆಹರಿಯದು. ಎತ್ತು ಸಾಕುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಚಕ್ಕಡಿಯ ಸಾಲಿನ ನಡುವೆ ಟ್ರ್ಯಾಕ್ಟರ್ ಟ್ರೇಲರುಗಳು ಹೆಚ್ಚುತ್ತಿವೆ, ಕೆಲವಕ್ಕೆ ಸೌಂಡ್ ಬಾಕ್ಸೂ ಬಂದಿದೆ. ಪ್ರವಾಸಿಯ ಕಾರನ್ನು ದಾಂಡೇಲಿಯಲ್ಲಿ ತಡೆಯುವ ಅಧಿಕಾರಿ, ಜಾತ್ರೆಗೆ ಹೊರಟ ಟ್ರ್ಯಾಕ್ಟರನ್ನು ಅದೇ ಗೇಟಿನಲ್ಲಿ ತಡೆದು ‘ಚಕ್ಕಡಿಯಾದರೆ ಮುಂದೆ ಹೋಗಿ, ಟ್ರ್ಯಾಕ್ಟರಾದರೆ ಬಸ್ಸು ಹತ್ತಿ’ ಎಂದು ಹೇಳಬೇಕಾಗುತ್ತದೆ. ಕಾರಿನವರ ಸಿಟ್ಟು ವಾರಾಂತ್ಯಕ್ಕೆ ಮುಗಿಯುವಂಥದ್ದು. ಟ್ರ್ಯಾಕ್ಟರಿನವರದು ಹಾಗಲ್ಲ, ಅವರ ಹಿಂದೆ ಇಡೀ ಊರು ಇದೆ, ಊರಿನ ಹಿಂದೆ ಚುನಾವಣೆ ಇದೆ. ಆದರೂ ಎರಡೂ ಆದೇಶಗಳು ಒಂದೇ ಹಾಳೆಯ ಮೇಲೆ ಹೊರಡಬೇಕು. ಕಾರಿನದನ್ನು ಮಾತ್ರ ಹೊರಡಿಸಿ ಟ್ರ್ಯಾಕ್ಟರಿನದನ್ನು ಮುಂದಿನ ಜಾತ್ರೆಗೆಂದು ಕಡತದಲ್ಲಿ ಇಟ್ಟರೆ, ಮೊದಲನೆಯದಕ್ಕೂ ಹೆಚ್ಚು ದಿನ ಆಯುಷ್ಯವಿರುವುದಿಲ್ಲ.